ಸೀದದ್ದೇ ಬೇಕು

ಲಾರ್ನಕದ ಬಂದರಿನ ಹಿಂದೆ,
ಮೀನಿಗೆ ಮಂಜುಗಡ್ಡೆ ಮಾರುವವನ ಪಕ್ಕ,
ತಗಡಿನ ಮಾಡಿನ ಕೆಳಗೆ ನಮ್ಮ ತೊಟ್ಟಿ.

ಯಾಕುಮಿಸ್ ಮೇಸ್ತ್ರಿ ಮೂವತ್ತು ವರ್ಷ ಹೊಳಪು ಮಾರಿದವನು.
ಕಾರಿನ ಬಂಪರು, ಕ್ಷೌರದಂಗಡಿಯ ಕುರ್ಚಿಯ ಕೈ,
ಮದುವೆಮನೆಯ ತಟ್ಟೆ,
ನೋಡಿಕೊಂಡು ಮೀಸೆ ತಿದ್ದಬಹುದು, ಅಂಥ ಹೊಳಪು.
ಅಂಚಿನಲ್ಲಿ ಎಳ್ಳಷ್ಟು ಕಪ್ಪು ಹತ್ತಿದರೂ
'ಸೀದಿತು' ಎಂದು ಎಸೆದು
ಹುಡುಗರ ಆ ದಿನದ ಕೂಲಿ ಮುರಿಯುತ್ತಿದ್ದನಂತೆ.

ಅದೆಲ್ಲ ಫಾಮಗುಸ್ತದಲ್ಲಿ. ಅಲ್ಲಿನ ಮಾತು ಅವನು ಆಡುವುದಿಲ್ಲ.
ಮಿರೋಫೋರಾ ಹೇಳಿ ನನಗೆ ಗೊತ್ತಾದದ್ದು ಇಷ್ಟು:
ಆಗಸ್ಟ್ ತಿಂಗಳು, ಆಕಾಶದಲ್ಲಿ ವಿಮಾನ,
ತೊಟ್ಟಿಯೊಳಗೆ ಹನ್ನೆರಡು ಬಂಪರು ತೂಗುತ್ತಿರುವಾಗಲೇ
ಹೆಂಡತಿಯ ಕೈ ಹಿಡಿದು ಓಡಿದ.
'ಸ್ವಿಚ್ಚು ಆರಿಸಿದೆನಾ?' ಎಂದು
ಈಗಲೂ ನಿದ್ದೆಯಲ್ಲಿ ಕೇಳುತ್ತಾನೆ.

ಇಲ್ಲಿ ನಿರಾಶ್ರಿತರ ಕಾಲೋನಿ. ಒಂದೇ ಅಚ್ಚಿನ ಮನೆ ಸಾಲು,
ತಾರಸಿಗೊಂದು ಪೀಪಾಯಿ, ಪೀಪಾಯಿಗೊಂದು ಗಾಜಿನ ಪೆಟ್ಟಿಗೆ.
ಗುತ್ತಿಗೆದಾರ ಬಂದು ಕುಕ್ಕರಿಸಿದ:
'ತಾಮ್ರದ ಹಲಗೆ, ಇನ್ನೂರು. ಬಣ್ಣ ಬಳಿದದ್ದು ಬೇಡ.
ಬಣ್ಣ ಬಿಸಿಲು ಕುಡಿಯುತ್ತೆ, ಕುಡಿದದ್ದನ್ನ ಹೊರಗೇ ಉಸುರುತ್ತೆ.
ನಿಕ್ಕಲ್ಲಿನ ಮೇಲೆ ಕಪ್ಪು ಕ್ರೋಮು ಬೇಕು.
ಅಂದರೆ ಮೇಸ್ತ್ರಿ,
ನೀವು ಸೀದದ್ದು ಅಂತೀರಲ್ಲ, ಅದೇ.'

ಮೇಸ್ತ್ರಿ ಮೂಗು ಉಜ್ಜಿಕೊಂಡ.
ಆ ಮೂಗಿನ ನಡುಗೋಡೆಯಲ್ಲಿ
ಆಮ್ಲದ ಹಬೆ ಕಿಂಡಿ ಕೊರೆದು ಎಷ್ಟೋ ಕಾಲ;
ಕಾಫಿ ಘಮ್ಮೆಂದಿತೋ ಇಲ್ಲವೋ
ಹೆಂಡತಿಯ ಮುಖ ನೋಡಿ ತಿಳಿಯಬೇಕು.

ಹದಿನೇಳರ ಹುಡುಗಿ ನಾನು. ಕೆಲಸ:
ಮಂಜುಗಡ್ಡೆ ಒಡೆದು ತೊಟ್ಟಿಯ ಸುತ್ತ ತುಂಬುವುದು,
ಅಂಪೇರಿನ ಮುಳ್ಳು ಕಾಯುವುದು.
ಮೊದಲ ಹಲಗೆ ಬೆರಳಿಗೇ ಬಂತು, ಒಲೆಯ ಮಸಿಯ ಹಾಗೆ.
ಎರಡನೆಯದು ಬೂದಿ.
ಮೂರನೆಯದು ಫಳಫಳ. ಮೇಸ್ತ್ರಿ ಬೈದ,
ಹೊಳಪಿಗೆ ಬೈದದ್ದು ಜನ್ಮದಲ್ಲಿ ಅದೇ ಮೊದಲಿರಬೇಕು.
ಗಂಧಕದ ಆಮ್ಲ ಒಂದು ಹನಿ ಉಳಿದರೂ ಸಾಕು,
ಕ್ರೋಮಿಗೆ ಹಳೆಯ ಚಾಳಿ ನೆನಪಾಗುತ್ತದೆ.
ಬೇರಿಯಂ ಹಿಟ್ಟು ತೂರಿದ, ಕಲಕಿದ, ತಳಕ್ಕಿಳಿಯಲು ಬಿಟ್ಟ,
ರಾತ್ರಿಯಿಡೀ ಪಕ್ಕದಲ್ಲಿ ಸ್ಟೂಲು ಹಾಕಿ ಕೂತ.
ಬೆಳಿಗ್ಗೆ, ಮಂಜು ಕರಗುವ ಮುಂಚೆ,
'ಏರಿಸು' ಎಂದ. ಏರಿಸಿದೆ.
'ಇನ್ನೂ.'
ಕೇಬಲ್ಲು ಬೆಚ್ಚಗಾಯಿತು. 'ಇನ್ನೂ ಏರಿಸೇ!'

ಮೂರು ನಿಮಿಷಕ್ಕೆ ಮೇಲೆ ಬಂತು.
ಬಾವಿಗೆ ಇಣುಕಿದಾಗ
ನೀರು ಕಣ್ಣಿಗೆ ಸಿಗುವ ಮುಂಚೆ ಒಂದು ಕಪ್ಪಿರುತ್ತದಲ್ಲ,
ಅದು.

ತಾರಸಿಯ ಮೇಲೆ ಎರಡು ಹಲಗೆ ಒರಗಿಸಿದ,
ಬಣ್ಣದ್ದೊಂದು, ನಮ್ಮದೊಂದು.
ಮಧ್ಯಾಹ್ನ ಕರೆದು, 'ಅಂಗೈ ಹಿಡಿ, ಮುಟ್ಟಬೇಡ.'
ಬಣ್ಣದ್ದು ದೂರದಿಂದಲೇ ಮುಖಕ್ಕೆ ರಾಚಿತು.
ನಮ್ಮದು ಸುಮ್ಮನಿತ್ತು, ಒಲೆಯೇ ಹೊತ್ತಿಸದವರ ಮನೆಯಂತೆ.
'ಕೆಟ್ಟಿತು ಮೇಸ್ತ್ರಿ, ಬಿಸಿಯೇ ಇಲ್ಲ' ಎಂದು
ಬೆರಳಿಟ್ಟೆ.
ಬೊಬ್ಬೆ ಒಂದು ವಾರ ಇತ್ತು.

'ಬಿಸಿಲಿಗೆ ಕಪ್ಪು, ಶಾಖಕ್ಕೆ ಕನ್ನಡಿ' ಎಂದ,
ಕೂದಲೆಳೆಯನ್ನು ನೂರಾಗಿ ಸೀಳಿದರೆ
ಒಂದು ಸೀಳಿನಷ್ಟು ದಪ್ಪದ ಆ ಕಪ್ಪನ್ನು ನೋಡುತ್ತ.
'ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡು, ಆಮೇಲೆ...'
ಮುಂದೆ ಹೇಳಲಿಲ್ಲ. ನನ್ನ ಬೆರಳಿಗೆ
ಆಲಿವ್ ಎಣ್ಣೆ ಹಚ್ಚಿದ.

ಜನವರಿ. ಮಿರೋಫೋರಾ ಒದ್ದೆ ಕೂದಲಲ್ಲೇ ಓಡಿಬಂದಳು,
ದೀಪ ಹಚ್ಚಿದ ಮೇಲೂ ನಲ್ಲಿಯಲ್ಲಿ ಬಿಸಿನೀರೆಂದು
ಬೀದಿಗೆಲ್ಲ ಕೇಳುವಂತೆ.
ಮೇಸ್ತ್ರಿಗೆ ಪುರುಸೊತ್ತಿಲ್ಲ.
ನೂರಾ ಎಂಬತ್ತನೆಯ ಹಲಗೆ ಕೈಯಲ್ಲಿತ್ತು,
ಮೂಲೆಯಲ್ಲಿ ಎಳ್ಳಷ್ಟು ಬೆಳ್ಳಗೆ.
'ಹೊಳೆಯಿತು' ಎಂದು ಎಸೆದು
ನನ್ನ ಅರ್ಧ ಕೂಲಿ ಮುರಿದ.

ಬೀಗ ಹಾಕುವಾಗ ಕೇಳಿದ:
'ಸ್ವಿಚ್ಚು ಆರಿಸಿದೆಯಾ?'
ಆರಿಸಿದೆ, ಅಂದೆ.
ಬೀಗ ತೆಗೆದು, ಒಳಗೆ ಹೋಗಿ,
ಕತ್ತಲಲ್ಲಿ ತಡವಿ ನೋಡಿ ಬಂದ.